ಗೆದ್ದ ತಂಡದ ಫೋಟೊ ಕೆಳಗೆ ಕೋಚ್ ಹೆಸರೂ ಬರಲಿ

ಸಂಪಾದಕರೇ,

ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಗೆದ್ದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಕೆಳಗೆ ಆಟಗಾರ್ತಿಯರ ಹೆಸರು, ಕಪ್ ಕೊಟ್ಟ ಅತಿಥಿಗಳ ಹೆಸರು. ಕೋಚ್ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಆಡಿದವಳು. ಬೆಳಿಗ್ಗೆ ಐದೂವರೆಗೇ ಬಂದು, ನಾವು ಬರುವಷ್ಟರಲ್ಲಿ ಕೋರ್ಟ್ ಗುಡಿಸಿ ಮುಗಿಸಿರುತ್ತಿದ್ದ ನಮ್ಮ ಮೇಡಂ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಅಮೆರಿಕದ ಪ್ಯಾಟ್ ಸಮಿಟ್ ಬಗ್ಗೆ ಓದಿದಾಗೆಲ್ಲ ನನಗೆ ಮೇಡಂ ನೆನಪಾಗುತ್ತಾರೆ. ಟೆನ್ನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 38 ಸೀಸನ್ ಕೋಚ್ ಆಗಿದ್ದವರು. 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಅವರ ಬಗ್ಗೆ ಬರೆಯುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ನನಗೆ ಜಾಸ್ತಿ ಇಷ್ಟ ಮೊದಲಿನ ವರ್ಷಗಳ ಕಥೆ.

1974ರಲ್ಲಿ ಅವರಿಗೆ 22 ವರ್ಷ. ಸಹಾಯಕಿಯಾಗಿ ಬಂದಿದ್ದರು, ಇದ್ದ ಕೋಚ್ ಬಿಟ್ಟು ಹೋದದ್ದರಿಂದ ಇಡೀ ತಂಡವೇ ಇವರ ಹೆಗಲಿಗೆ ಬಿತ್ತು. ಸಂಬಳ ತಿಂಗಳಿಗೆ 250 ಡಾಲರ್. ಬೇರೆ ಊರಿನ ಪಂದ್ಯಕ್ಕೆ ವ್ಯಾನ್ ಓಡಿಸುವುದು ಅವರೇ, ಜೆರ್ಸಿ ಒಗೆಯುವುದೂ ಅವರೇ, ಆ ಜೆರ್ಸಿಗಳಾದರೂ ಹಿಂದಿನ ವರ್ಷ ಡೋನಟ್ ಮಾರಿದ ದುಡ್ಡಿನಲ್ಲಿ ಕೊಂಡವು. ಮೊದಲ ಪಂದ್ಯವನ್ನು ಒಂದೇ ಒಂದು ಪಾಯಿಂಟಿನಿಂದ ಸೋತರು. ಇದರ ಮಧ್ಯೆ ಸ್ನಾತಕೋತ್ತರ ಓದು ಬೇರೆ, ಪೆಟ್ಟಾದ ಮೊಣಕಾಲು ಸರಿ ಮಾಡಿಕೊಂಡು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ತಯಾರಿ ಬೇರೆ. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಆಟಗಾರ್ತಿಯಾಗಿ ಬೆಳ್ಳಿ ಗೆದ್ದರು, 1984ರಲ್ಲಿ ಕೋಚ್ ಆಗಿ ತಂಡಕ್ಕೆ ಚಿನ್ನ ಗೆಲ್ಲಿಸಿಕೊಟ್ಟರು.

ಅಂಥವರು ಓದಿನ ವಿಷಯದಲ್ಲಿ ಎಷ್ಟು ಗಟ್ಟಿ ಇದ್ದರು ಅಂದರೆ, ತರಗತಿಯಲ್ಲಿ ಹುಡುಗಿಯರು ಮುಂದಿನ ಮೂರು ಸಾಲಿನಲ್ಲೇ ಕೂರಬೇಕಿತ್ತು. ಟೆನ್ನೆಸ್ಸೀಯಲ್ಲಿ ಪೂರ್ತಿ ಅವಧಿ ಆಡಿದ ಅವರ ಆಟಗಾರ್ತಿಯರೆಲ್ಲರೂ ಪದವಿ ಮುಗಿಸಿದರು. ಒಬ್ಬರೂ ಬಿಟ್ಟುಹೋಗದೆ, ಎಲ್ಲರೂ! ಎಂಟು ಕಪ್‌ಗಿಂತ ಇದೇ ದೊಡ್ಡದು ಅನ್ನಿಸುತ್ತದೆ ನನಗೆ. ಆಟಕ್ಕೆ ಕಳಿಸಿದರೆ ಮಗಳ ಓದು ಹಾಳಾಗುತ್ತೆ ಅಂತ ನಮ್ಮಲ್ಲಿ ಎಷ್ಟು ಅಪ್ಪ ಅಮ್ಮಂದಿರು ಹೆದರುತ್ತಾರೆ, ಅಲ್ವಾ?

2011ರಲ್ಲಿ, 59ನೇ ವಯಸ್ಸಿಗೇ, ಅವರಿಗೆ ಅಲ್ಝೈಮರ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಮುಚ್ಚಿಡಲಿಲ್ಲ, ಎಲ್ಲರಿಗೂ ಹೇಳಿ ಇನ್ನೊಂದು ಸೀಸನ್ ತಂಡದ ಜೊತೆ ನಿಂತರು. ಹೆಚ್ಚಿನ ಹೊರೆ ಹೊತ್ತವರು ಸಹಾಯಕ ಕೋಚ್ ಹಾಲಿ ವಾರ್ಲಿಕ್, ಹಿಂದೆ ಪ್ಯಾಟ್ ಕೈಕೆಳಗೇ ಆಡಿದವರು. ಮುಂದಿನ ಕೋಚ್ ಆದದ್ದೂ ಅವರೇ. ಪ್ಯಾಟ್ 2016ರಲ್ಲಿ ತೀರಿಕೊಂಡರು.

ನಮ್ಮ ಊರುಗಳಲ್ಲೂ ಸಣ್ಣ ಸಂಬಳಕ್ಕೆ, ಕೆಲವು ಕಡೆ ಸಂಬಳವೇ ಇಲ್ಲದೆ, ಹುಡುಗಿಯರಿಗೆ ಆಟ ಕಲಿಸುವ ಹೆಂಗಸರಿದ್ದಾರೆ. ನಾನು ಅವರ ಬಗ್ಗೆ ಪುಟಗಟ್ಟಲೆ ಬರೆಯಿರಿ ಅಂತ ಕೇಳುತ್ತಿಲ್ಲ. ಮುಂದಿನ ಸಲ ಗೆದ್ದ ತಂಡದ ಫೋಟೊ ಬಂದಾಗ, ಸಾಲಿನ ತುದಿಯಲ್ಲಿ ಸೀಟಿ ಹಾಕಿಕೊಂಡು ನಿಂತವರು ಯಾರು ಅಂತ ನಿಮ್ಮ ವರದಿಗಾರರು ಒಂದು ಮಾತು ಕೇಳಿ ಬರೆದುಕೊಳ್ಳಲಿ.

ಒಬ್ಬ ಓದುಗಿ, ಹಾಸನ