ಉಣ್ಣುವವರ ಹೊಣೆ: ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮಾಂಸ ತಿನ್ನುವವರು ಪ್ರಾಣಿಹಿಂಸೆಯ ವಿರುದ್ಧ ಮಾತಾಡುವುದು ಆತ್ಮವಂಚನೆ ಎಂದು ನೀನು ಬರೆದಿದ್ದೀಯ. ಎತ್ತಿನ ಮೈಮೇಲೆ ಬಾಸುಂಡೆ ಏಳುವಂತೆ ಹೊಡೆದವನನ್ನು ಆಸ್ಪತ್ರೆಯ ಅಂಗಳದಲ್ಲೇ ಗದರಿಸುತ್ತಿದ್ದ ಪಶುವೈದ್ಯನಾದ ನಿನ್ನ ಅಪ್ಪ ಭಾನುವಾರ ಮನೆಯಲ್ಲಿ ಮಟನ್ ಸಾರು ಉಣ್ಣುವುದನ್ನು ಚಿಕ್ಕಂದಿನಿಂದ ನೋಡುತ್ತ ಬಂದವಳು ನೀನು. ಆದ್ದರಿಂದ ಈ ಮಾತು ನನ್ನನ್ನು ಕುರಿತದ್ದೂ ಹೌದು ಎಂದು ತಿಳಿದೇ ಉತ್ತರಿಸುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಂಸ ಉಣ್ಣುವವನು ಕ್ರೌರ್ಯವನ್ನು ವಿರೋಧಿಸಬಹುದು. ಉಣ್ಣದವರಿಗಿಂತ ಅವನ ಮೇಲೆ ಆ ಹೊಣೆ ಹೆಚ್ಚೇ ಇದೆ. ಆದರೆ ಆ ಹೊಣೆಯನ್ನು ನಿಜವಾಗಿ ಹೊತ್ತವನು ಇಂದು ನಮ್ಮ ಪೇಟೆಗಳಲ್ಲಿ ಜನ ಉಣ್ಣುತ್ತಿರುವ ರೀತಿಯಲ್ಲಿ ಉಣ್ಣಲಾರ. ಸಾಮಾನ್ಯವಾಗಿ ಜನ ಈ ಮಾತಿನ ಮೊದಲರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ.

ಕೊಲ್ಲುವುದು ಬೇರೆ, ಹಿಂಸಿಸುವುದು ಬೇರೆ ಎಂಬ ಭೇದವನ್ನು ನೀನು ಒಪ್ಪುವುದಿಲ್ಲ. ನಮ್ಮ ಕಾನೂನು ಮಾತ್ರ ಅದನ್ನು ಒಪ್ಪಿಕೊಂಡೇ ಹುಟ್ಟಿದೆ. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಭರತನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿ ಎಬ್ಬಿಸಿದ ಚರ್ಚೆಯ ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಿತು. ಆಕೆ ಸ್ವತಃ ನಿಷ್ಠಾವಂತ ಸಸ್ಯಾಹಾರಿ. ಆದರೂ ಕಾಯ್ದೆಯ 11ನೇ ಕಲಮು ಹೊಡೆಯುವುದು, ಶಕ್ತಿಗೆ ಮೀರಿ ಹೊರಿಸುವುದು, ಮೈ ತಿರುಗಿಸಲೂ ಆಗದಂತೆ ಕೂಡಿಹಾಕುವುದು, ನೋವಾಗುವಂತೆ ಸಾಗಿಸುವುದು, ಮೇವು ನೀರು ಕೊಡದಿರುವುದು ಇವೆಲ್ಲವನ್ನೂ ಅಪರಾಧಗಳೆಂದು ಹೆಸರಿಸಿ, ಮನುಷ್ಯರ ಆಹಾರಕ್ಕಾಗಿ ಕೊಲ್ಲುವುದನ್ನು ಆ ಪಟ್ಟಿಯಿಂದ ಹೊರಗಿಡುತ್ತದೆ. ಅನಾವಶ್ಯಕ ನೋವು ಕೊಡದೆ ಕೊಲ್ಲಬೇಕು ಎಂಬ ಷರತ್ತು ಅಲ್ಲೇ ಇದೆ. ಕಾನೂನು ಹೇಳಿದ್ದೆಲ್ಲ ನೀತಿಯಲ್ಲ ಎಂದು ನೀನು ಅನ್ನುವೆ, ಅದನ್ನು ಒಪ್ಪುತ್ತೇನೆ. ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡವೆಂದು ಬರೆದ ಕಾಯ್ದೆಯನ್ನು ನೀತಿಯ ಕೊನೆಯ ಮಾತೆಂದು ನಾನೂ ತಿಳಿದಿಲ್ಲ. ಆದರೆ ಆ ಭೇದದಲ್ಲಿ ಒಂದು ಸತ್ಯವಿದೆ. ಅದನ್ನು ನಾನು ಪುಸ್ತಕದಲ್ಲಿ ಓದಿ ಒಪ್ಪಿದ್ದಲ್ಲ, ಜಗಳೂರು–ಚಳ್ಳಕೆರೆ ಕಡೆಯ ಕುರಿಹಟ್ಟಿಗಳಲ್ಲಿ ನೋಡಿ ಒಪ್ಪಿದ್ದು.

ಸುಗ್ಗಿ ಮುಗಿದ ಮೇಲೆ ಮಂದೆಯನ್ನು ಹೊಡೆದುಕೊಂಡು ಊರೂರು ತಿರುಗುವ ಕುರಿಗಾಹಿ, ಹಗಲೆಲ್ಲ ಮೇಯಿಸಿ, ರಾತ್ರಿ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ, ತೋಳ ಬಂದೀತೆಂದು ನಾಯಿಗಳೊಂದಿಗೆ ತಾನೂ ಎದ್ದಿರುತ್ತಾನೆ. ದಾರಿಯಲ್ಲಿ ಈದ ಕುರಿಯ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊರುತ್ತಾನೆ. ಕರುಳುಬೇನೆಗೆ ಲಸಿಕೆ ಹಾಕಿಸಲು ಬಂದಾಗ, ಯಾವ ಕುರಿ ನಿನ್ನೆಯಿಂದ ಮೆಲುಕು ಹಾಕಿಲ್ಲ ಎಂಬುದನ್ನು ನಾನು ಕೇಳುವ ಮೊದಲೇ ಹೇಳುತ್ತಾನೆ. ಅದೇ ಮನುಷ್ಯ ಸಂತೆಯಲ್ಲಿ ಟಗರನ್ನು ಮಾರುತ್ತಾನೆ, ಹಬ್ಬಕ್ಕೆ ಕಡಿದು ಉಣ್ಣುತ್ತಾನೆ. ಇವನಿಗೆ ಪ್ರಾಣಿಗಳ ಮೇಲೆ ಕರುಣೆಯಿಲ್ಲ ಎಂದು ಹೇಳಲು ನನ್ನಿಂದ ಆಗದು. ಚಿತ್ರದುರ್ಗ ಜಿಲ್ಲೆಯ ಮ್ಯಾಸನಾಯಕ ಸಮುದಾಯದವರನ್ನು ನೋಡು. ಮಾಂಸಾಹಾರಿಗಳಾದರೂ ಅವರು ಕೋಳಿಯನ್ನು ಸಂಪ್ರದಾಯದ ಪ್ರಕಾರ ಮುಟ್ಟುವುದಿಲ್ಲ. ದೇವರ ಎತ್ತುಗಳ ಹಿಂಡುಗಳನ್ನು ನೊಗಕ್ಕೆ ಹೂಡದೆ, ಮಾರದೆ, ಅವುಗಳನ್ನು ಕಾಯಲು ಕಿಲಾರಿಗಳನ್ನಿಟ್ಟು ತಲೆಮಾರುಗಳಿಂದ ಸಾಕುತ್ತಿದ್ದಾರೆ. ಬರ ಬಿದ್ದ ವರ್ಷ ಆ ಎತ್ತುಗಳಿಗೆ ಮೇವು ಹೊಂದಿಸಲು ಅವರು ಪಡುವ ಪಾಡು ಸಣ್ಣದಲ್ಲ. ಯಾವುದನ್ನು ಉಣ್ಣಬಹುದು, ಯಾವುದನ್ನು ಉಣ್ಣಬಾರದು, ಯಾವುದಕ್ಕೆ ಸಾಯುವ ತನಕ ಮೇವು ಹಾಕಬೇಕು ಎಂಬ ಗೆರೆಗಳನ್ನು ಎಳೆದುಕೊಂಡು ಅವುಗಳಿಗೆ ಬದ್ಧರಾಗಿ ಬಾಳಿದ ಜನ ಅವರು. ನಿನ್ನ ಗೆರೆ ಅವರ ಗೆರೆಗಿಂತ ಬೇರೆಯಿರಬಹುದು, ಆದರೆ ಅವರದು ಆತ್ಮವಂಚನೆಯಲ್ಲ.

ನನ್ನ ಮಾತು ಇಲ್ಲಿಗೇ ನಿಂತರೆ ನಾನು ನಿನ್ನ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗುತ್ತದೆ. ಏಕೆಂದರೆ ಪೇಟೆಯ ತಟ್ಟೆಗೆ ಬರುವ ಮಾಂಸದಲ್ಲಿ ಬಹುಪಾಲು ಆ ಕುರಿಗಾಹಿಯ ಮಂದೆಯದಲ್ಲ. ಅದು ಬಾಯ್ಲರ್ ಕೋಳಿಯದು. ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆದು ಎಪಿಎಂಸಿ ಅಂಗಳದಲ್ಲಿ ರಾಶಿ ಬೀಳುವ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿಯ ಆಹಾರವಾಗುತ್ತದೆ. ಹಾಗಾಗಿ ಮಾಂಸವನ್ನೇ ಮುಟ್ಟದ ರೈತನ ಮನೆಯ ಲೆಕ್ಕವೂ ಆ ಕೋಳಿಯೊಂದಿಗೆ ಬೆಸೆದುಕೊಂಡಿದೆ. ಆರು ವಾರಗಳ ಆಸುಪಾಸಿನಲ್ಲಿ ಎರಡು ಕಿಲೋ ತೂಗುವಂತೆ ಬೆಳೆಸಿದ ತಳಿ ಅದು. ಎದೆಯ ಮಾಂಸ ಬೆಳೆಯುವ ವೇಗಕ್ಕೆ ಕಾಲಿನ ಮೂಳೆ ಬಲಿಯುವುದಿಲ್ಲ, ಆದ್ದರಿಂದ ಕೊನೆಯ ದಿನಗಳಲ್ಲಿ ಎಷ್ಟೋ ಕೋಳಿಗಳು ನಡೆಯಲಾರದೆ ಕುಳಿತೇ ಇರುತ್ತವೆ. ಆಮೇಲೆ ಕಾಲು ಕಟ್ಟಿ, ತಲೆ ಕೆಳಗಾಗಿ, ಬೈಕಿನ ಎರಡೂ ಬದಿಗೆ ಗೊಂಚಲು ಗೊಂಚಲಾಗಿ ನೇತುಹಾಕಿ ಬಿಸಿಲಿನಲ್ಲಿ ಅಂಗಡಿಗೆ ಒಯ್ಯುತ್ತಾರೆ. ಇದು ನಾನು ಮೇಲೆ ಹೇಳಿದ 11ನೇ ಕಲಮಿನ ಮಾತಿಗೆ ನೇರ ವಿರುದ್ಧ. ಬೆಳಿಗ್ಗೆ ಹಾಲಿನ ಬೂತಿಗೆ ಹೋಗುವ ಯಾರು ಬೇಕಾದರೂ ಕಾಣಬಹುದಾದ ದೃಶ್ಯ, ಆದರೆ ಅದನ್ನು ನಿಲ್ಲಿಸಿ ಕೇಳಿದವರನ್ನು ನಾನು ಕಂಡಿಲ್ಲ.

ಮೊಟ್ಟೆಯ ಕೋಳಿಯ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಪಂಜರದಲ್ಲಿ ಒಂದೊಂದು ಕೋಳಿಗೆ ಸಿಗುವ ಜಾಗ, ನೀನು ಕಾಲೇಜಿನಲ್ಲಿ ಬಳಸುವ ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚಲು, ಮಣ್ಣು ಕೆದಕಲು, ಮೊಟ್ಟೆಯಿಡುವ ಮುನ್ನ ಮರೆ ಹುಡುಕಲು, ಅಂದರೆ ಕೋಳಿಯಾಗಿ ಬದುಕಲು ಬೇಕಾದ ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಗಂಡು ಮರಿಗಳಿಂದ ಲಾಭವಿಲ್ಲವೆಂದು ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಭಾರತದ ಕಾನೂನು ಆಯೋಗವು 2017ರ ಜುಲೈನಲ್ಲಿ ಸಲ್ಲಿಸಿದ 269ನೇ ವರದಿಯನ್ನು ಪೂರ್ತಿಯಾಗಿ ಈ ಕೋಳಿಗಳ ವಸತಿ ಮತ್ತು ಸಾಗಾಟಕ್ಕೇ ಮೀಸಲಿಟ್ಟಿತ್ತು. ಇಲ್ಲಿ ನಿನ್ನ ವಾದಕ್ಕೆ ನನ್ನ ಬಳಿ ಎದುರು ವಾದವಿಲ್ಲ. ಇದನ್ನು ತಿಳಿದೂ ಕೊಂಡು ಉಣ್ಣುವುದಕ್ಕೂ ಕ್ರೌರ್ಯವನ್ನು ವಿರೋಧಿಸುವುದಕ್ಕೂ ಹೊಂದಿಕೆಯಿಲ್ಲ. ನಮ್ಮ ಮನೆಗೆ ಈಗ ಬಾಯ್ಲರ್ ಕೋಳಿ ಬರುತ್ತಿಲ್ಲ. ಮೊಟ್ಟೆಯನ್ನು ನಿನ್ನ ಅತ್ತೆ ಹಳ್ಳಿಯಿಂದ ಕಳಿಸಿದಾಗ ಮಾತ್ರ ಬಳಸುತ್ತೇವೆ.

ನಮ್ಮೂರ ದುಗ್ಗಮ್ಮನ ಜಾತ್ರೆಯ ಕೋಣಬಲಿಯ ವಿಷಯವನ್ನೂ ನೀನು ಎತ್ತಿದ್ದೀಯ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ 1959ರ ರಾಜ್ಯ ಕಾಯ್ದೆಯ ಪರವಾಗಿಯೇ ನಾನಿದ್ದೇನೆ. ತಮಟೆ, ಕೂಗು, ನೂಕುನುಗ್ಗಲುಗಳ ನಡುವೆ ಬೆದರಿದ ಕೋಣದ ಕಣ್ಣನ್ನು ನೋಡಿದ ಪಶುವೈದ್ಯ ಬೇರೆ ನಿಲುವು ತಾಳಲಾರ. ಆದರೆ ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಒಂದು ಕೋಣಕ್ಕಾಗಿ ಮರುಗುವ ಊರು, ದಿನವೂ ಬೈಕಿನಲ್ಲಿ ನೇತಾಡುತ್ತ ಹೋಗುವ ಕೋಳಿಗಳ ಬಗ್ಗೆ ಸುಮ್ಮನಿರುವುದು ನನಗೆ ಸರಿಯೆನಿಸುವುದಿಲ್ಲ. ಹಳ್ಳಿಯ ಬಡವರು ಮಾಡಿದಾಗ ಕ್ರೌರ್ಯವೆನಿಸಿದ್ದು, ಪೇಟೆಯ ವ್ಯಾಪಾರವಾದಾಗ ಬೇರೆಯಾಗುವುದಿಲ್ಲ.

ಇನ್ನು ಉಣ್ಣುವವನ ಹೊಣೆ ಹೆಚ್ಚು ಎಂದೆನಲ್ಲ, ಅದಕ್ಕೆ ಕಾರಣ ಇದು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪ್ರಾಣಿಯನ್ನು ಪಶುವೈದ್ಯರು ಪರೀಕ್ಷಿಸಿರಬೇಕು; ಗಬ್ಬದ ಪ್ರಾಣಿಯನ್ನಾಗಲಿ ಮೂರು ತಿಂಗಳು ತುಂಬದ ಮರಿಯನ್ನಾಗಲಿ ಕೊಲ್ಲಬಾರದು; ಒಂದನ್ನು ಕೊಲ್ಲುವುದು ಇನ್ನೊಂದರ ಕಣ್ಣಿಗೆ ಬೀಳಬಾರದು. ರಸ್ತೆ ಬದಿಯ ಅಂಗಡಿಗಳಲ್ಲಿ ನಡೆಯುವುದು ಏನೆಂದು ನಿನಗೆ ಗೊತ್ತು: ಒಂದರ ರಕ್ತ ಹರಿಯುವಲ್ಲೇ ಇನ್ನೊಂದನ್ನು ಕಟ್ಟಿರುತ್ತಾರೆ. ಅದನ್ನು ಪ್ರಶ್ನಿಸಬೇಕಾದವರು ಯಾರು? ಸಸ್ಯಾಹಾರಿ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಅವನ ಮಾತಿಗೆ ಅಲ್ಲಿ ಬೆಲೆಯೂ ಇಲ್ಲ. ಕೈಯಲ್ಲಿ ಹಣ ಹಿಡಿದು ಸಾಲಿನಲ್ಲಿ ನಿಂತ ಗಿರಾಕಿಯ ಮಾತಿಗೆ ಬೆಲೆಯಿದೆ. ಅವನು ತನಗೆ ಹಕ್ಕಿಲ್ಲವೆಂದು ಬಾಯಿ ಮುಚ್ಚಿಕೊಂಡರೆ ಆ ಕುರಿಯ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಉಳಿಯುವುದಿಲ್ಲ. ಮಾಂಸ ತಿನ್ನುವವರಿಗೆ ಮಾತಾಡುವ ಹಕ್ಕಿಲ್ಲ ಎಂಬ ನಿನ್ನ ವಾಕ್ಯದಿಂದ ಆಗುವ ಕೇಡು ಅದೇ.

ನೀನು ಮಾಂಸ ಬಿಟ್ಟಿದ್ದೀಯ, ಸಂತೋಷ. ಆದರೆ ಮೊಸರನ್ನು ಬಿಟ್ಟಿಲ್ಲ. ಎಚ್‌ಎಫ್, ಜೆರ್ಸಿಯಂಥ ವಿದೇಶಿ ಹಾಲಿನ ತಳಿಯ ಹಸುಗಳಿಗೆ ಹುಟ್ಟುವ ಗಂಡು ಕರುವನ್ನು ಟ್ರ್ಯಾಕ್ಟರ್ ಬಂದ ಹೊಲ ಕೇಳುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಅದನ್ನು ಕೊಲ್ಲುವುದನ್ನು ತಡೆಯಿತು, ಮೇವು ಕೊಡಲಿಲ್ಲ. ತಾಯಿಯ ಹಾಲು ಡೇರಿಗೆ ಹೋಗುತ್ತಿರುವಾಗ ಹಸಿವಿನಿಂದ ಸೊರಗಿ ಸಾಯುವ ಕರುಗಳನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ನೋಡಿದ್ದೇನೆ. ನಿನ್ನ ಬಾಯಿ ಕಟ್ಟಲು ಇದನ್ನು ಹೇಳುತ್ತಿಲ್ಲ. ಹಾಲು ಕುಡಿಯುವ ನಿನಗೆ ಕರುವಿನ ಪರವಾಗಿ ಮಾತಾಡುವ ಹಕ್ಕು ಇರುವಂತೆಯೇ, ಮಟನ್ ಉಣ್ಣುವವನಿಗೂ ಕುರಿಯ ಪರವಾಗಿ ಮಾತಾಡುವ ಹಕ್ಕಿದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಉಳಿದದ್ದು ನಿನ್ನ ಪತ್ರದ ಅತ್ಯಂತ ಗಟ್ಟಿಯಾದ ಮಾತು. ನೋವಿಲ್ಲದೆ ಕೊಂದರೂ ಕುರಿಗೆ ಬದುಕುವ ಆಸೆ ಇತ್ತಲ್ಲವೇ ಎಂದು ಕೇಳಿದ್ದೀಯ. ಇತ್ತು. ಮಳೆ ನೆಚ್ಚಿ ಬೆಳೆ ಇಡಲಾಗದ ಆ ಕುರುಚಲು ನೆಲದಲ್ಲಿ ಹುಲ್ಲನ್ನು ಬದುಕಾಗಿ ಮಾಡಿಕೊಳ್ಳಲು ಕುರಿಗಾಹಿಗೆ ಬೇರೆ ದಾರಿಯಿಲ್ಲ ಎನ್ನಬಹುದು. ಜನ ಮಟನ್ ಬಿಟ್ಟರೆ ಮಂದೆಗಳೇ ಇರುವುದಿಲ್ಲ ಎಂದೂ ಹೇಳಬಹುದು. ಕಟ್ಟಿಹಾಕಿದ ಕುರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಕುರಿಗಾಹಿಗಿರುವಂಥ ಅಗತ್ಯ ನನಗಿಲ್ಲ ಎಂಬುದಂತೂ ದಿಟ. ರಾಗಿ, ಜೋಳ, ಬೇಳೆ, ಕಾಳು ಎಲ್ಲವೂ ಕೈಗೆಟುಕುವ ಪೇಟೆಯಲ್ಲಿದ್ದೇನೆ. ಹಾಗಾಗಿ ವಾರವಾರದ ಮಟನ್ ನಿಂತಿದೆ. ಹಬ್ಬಕ್ಕೆ, ಅದೂ ಮಂದೆಯವರನ್ನು ಕಂಡು ತಂದದ್ದು ಮಾತ್ರ. ಅದನ್ನೂ ಬಿಡಬೇಕೆಂದು ನೀನು ವಾದಿಸಬಹುದು. ನಾನು ಕೇಳಲು ಸಿದ್ಧನಿದ್ದೇನೆ.

ಈ ಪತ್ರದೊಂದಿಗೆ ಮಹಾನಗರ ಪಾಲಿಕೆಗೆ ಕೊಡಬೇಕೆಂದಿರುವ ಮನವಿಯ ಕರಡನ್ನು ಇಟ್ಟಿದ್ದೇನೆ. ಕೋಳಿಗಳನ್ನು ತಲೆಕೆಳಗಾಗಿ ಸಾಗಿಸುವುದನ್ನು ನಿಲ್ಲಿಸಬೇಕು, ಅಂಗಡಿಯ ಮುಂದೆ ಕಡಿಯುವುದನ್ನು ತಡೆದು 2001ರ ನಿಯಮಗಳನ್ನು ಜಾರಿಗೆ ತರಬೇಕು ಎಂಬ ಎರಡೇ ಬೇಡಿಕೆಗಳಿವೆ. ನಮ್ಮ ಬೀದಿಯ ಮಟನ್ ಗಿರಾಕಿಗಳ ಸಹಿ ಕೇಳುತ್ತಿದ್ದೇನೆ. ನಿನ್ನ ಭಾಷೆ ನನ್ನದಕ್ಕಿಂತ ಚುರುಕಾಗಿದೆ, ಆದ್ದರಿಂದ ತಿದ್ದಿ, ನಿನ್ನ ಸಹಿಯನ್ನೂ ಹಾಕಿ ಬೇಗ ಕಳಿಸು.

ಇಂತಿ,
ನಿನ್ನ ಅಪ್ಪ