ನಲವತ್ತು ಜನ ಒಂದು ಸಲವೋ, ಹತ್ತು ಜನ ನಾಲ್ಕು ಸಲವೋ?

ಸದಸ್ಯ ಬಂಧುಗಳೇ,

ರಾಷ್ಟ್ರೀಯ ಉದ್ಯಾನದಲ್ಲಿ ಸ್ವಯಂಸೇವೆ ಎಂದರೆ ಸಂಘಗಳಿಗೆ ಮೊದಲು ಹೊಳೆಯುವುದು ಬಸ್ಸು, ಬ್ಯಾನರು, ಒಂದೇ ಬಣ್ಣದ ಟೀ ಶರ್ಟು. ತಪ್ಪೇನಿಲ್ಲ. ಆದರೆ ನಲವತ್ತು ಜನ ಒಂದು ದಿನ ಬಂದು ಹೋಗುವುದಕ್ಕಿಂತ, ಹತ್ತೇ ಜನ ವರ್ಷಕ್ಕೆ ನಾಲ್ಕು ಸಲ ಅದೇ ತುಂಡು ಜಾಗಕ್ಕೆ ಹೋದರೆ ಕಾಡಿಗೆ ಹೆಚ್ಚು ಲಾಭ. ಕಳೆ ತೆಗೆಯುವ ಕೆಲಸದಲ್ಲಂತೂ ಇದರಲ್ಲಿ ಎರಡು ಮಾತಿಲ್ಲ.

ಲಂಟಾನವನ್ನೇ ನೋಡಿ. ಅಮೆರಿಕದ ಉಷ್ಣವಲಯದಿಂದ ತೋಟದ ಅಂದಕ್ಕೆಂದು ತಂದ ಈ ಪೊದೆ ಭಾರತ, ಆಸ್ಟ್ರೇಲಿಯಾ, ಆಫ್ರಿಕಾಗಳ ಕಾಡಿಗೆಲ್ಲ ಹಬ್ಬಿದೆ. ನೆಲದ ಮೇಲಿನ ಭಾಗವನ್ನಷ್ಟೇ ಕತ್ತಿಯಲ್ಲಿ ಸವರಿದರೆ ಬುಡದಿಂದ ಚಿಗುರಿ ಇನ್ನಷ್ಟು ದಟ್ಟವಾಗುತ್ತದೆ. ಚಿಗುರೊಡೆಯುವುದು ಕಾಂಡ ಮತ್ತು ಬೇರು ಕೂಡುವ ಜಾಗದಲ್ಲಿ. ಹಾಗಾಗಿ ಮೊದಲು ಕೊಂಬೆಗಳನ್ನು ಕತ್ತರಿಸಿ, ಹಿಡಿದು ಎಳೆಯಲು ಗೇಣುದ್ದ ಕಾಂಡ ಉಳಿಸಿಕೊಳ್ಳಿ. ಬುಡದ ಮಣ್ಣು ಸರಿಸಿ, ನೆಲದಿಂದ 3–5 ಸೆಂ.ಮೀ. ಕೆಳಗೆ ಮುಖ್ಯ ಬೇರನ್ನು ಪಿಕಾಸಿಯಿಂದ ಕಡಿಯಿರಿ. ಕಿತ್ತ ಬುಡವನ್ನು ಬೇರು ಆಕಾಶಕ್ಕೆ ಮುಖ ಮಾಡುವಂತೆ ಮಗುಚಿಡಿ. ಒದ್ದೆ ಮಣ್ಣು ತಗುಲಿದರೆ ಅದು ಮತ್ತೆ ಬೇರು ಬಿಡುತ್ತದೆ. ಹಣ್ಣು ಬಿಟ್ಟ ಕೊಂಬೆಗಳನ್ನು ಶುಚಿ ಮಾಡಿದ ಜಾಗದ ಮೇಲೆ ಎಳೆದೊಯ್ದರೆ ಬೀಜವನ್ನು ನಾವೇ ಬಿತ್ತಿದಂತೆ; ಹಣ್ಣಾಗುವ ಮೊದಲೇ ಕೀಳುವುದು ಒಳ್ಳೆಯದು.

ಅಗೆಯಲಾಗದ ಕಡೆ ಕೆಲವು ಉದ್ಯಾನಗಳು ಬುಡ ಕೊಯ್ದು ಕಳೆನಾಶಕ ಹಚ್ಚಿಸುತ್ತವೆ. ಕೊಯ್ತ ನೆಲಕ್ಕೆ ಹತ್ತಿರವಿರಬೇಕು, ಮಟ್ಟಸವಾಗಿರಬೇಕು, ಔಷಧಿ ಅರ್ಧ ನಿಮಿಷದೊಳಗೆ ಬೀಳಬೇಕು. ತಡವಾದರೆ ಕೊಯ್ದ ಮೈ ಮುಚ್ಚಿಕೊಳ್ಳತೊಡಗಿ ಔಷಧಿ ಬೇರಿಗೆ ಇಳಿಯುವುದಿಲ್ಲ. ಆದ್ದರಿಂದ ಕೊಯ್ಯುವವರೊಬ್ಬರು, ಹಚ್ಚುವವರೊಬ್ಬರು ಜೋಡಿಯಾಗಿರಲಿ. ತರಬೇತಿ ಇಲ್ಲದವರು ಬಾಟಲಿ ಮುಟ್ಟಬಾರದು.

ಎಲ್ಲಿಂದ ಶುರು ಮಾಡಬೇಕು? ಹೊಸಬರು ಅತಿ ದಟ್ಟ ಪೊದೆಗೇ ನುಗ್ಗುತ್ತಾರೆ, ಫೋಟೊ ಚೆನ್ನಾಗಿ ಬರುತ್ತದಲ್ಲ! ಸಿಡ್ನಿಯ ಅಕ್ಕತಂಗಿಯರಾದ ಐಲೀನ್ ಮತ್ತು ಜೋನ್ ಬ್ರ್ಯಾಡ್ಲಿ ತೋರಿಸಿಕೊಟ್ಟ ಕ್ರಮ ಇದಕ್ಕೆ ತದ್ವಿರುದ್ಧ: ಕಾಡು ಚೆನ್ನಾಗಿರುವ ಕಡೆಯಿಂದ ಹೊರಟು ಕಳೆಯ ಕಡೆಗೆ ಸರಿಯಿರಿ, ಮಣ್ಣನ್ನು ಆದಷ್ಟು ಕಡಿಮೆ ಕೆದಕಿ, ಸ್ಥಳೀಯ ಗಿಡಗಳು ಎಷ್ಟು ಬೇಗ ಹಬ್ಬುತ್ತವೋ ಅಷ್ಟೇ ಬೇಗ ಮುಂದಕ್ಕೆ ಹೋಗಿ. ದೊಡ್ಡ ಪೊದೆಯನ್ನು ಒಂದೇ ದಿನ ಬಯಲು ಮಾಡಿದರೆ ಮಣ್ಣಲ್ಲಿ ಮಲಗಿದ್ದ ಕಳೆಬೀಜಕ್ಕೆ ಬಿಸಿಲು ಸಿಗುತ್ತದೆ, ಪೊದೆಯಲ್ಲಿದ್ದ ಹಕ್ಕಿಗಳಿಗೆ ಮರೆ ಇಲ್ಲವಾಗುತ್ತದೆ. ಗೂಡು ಕಟ್ಟುವ ಕಾಲದಲ್ಲಿ ದಟ್ಟ ಪೊದೆಗಳ ತಂಟೆಗೇ ಹೋಗಬೇಡಿ.

ಮತ್ತೆ ಮತ್ತೆ ಹೋಗಬೇಕಾದದ್ದು ಈ ಬೀಜಗಳಿಗಾಗಿ. ಮಳೆಯ ನಂತರ ಮೊಳೆತ ಸಸಿ ಕೈಯಲ್ಲೇ ಕಿತ್ತು ಬರುತ್ತದೆ. ಅದನ್ನು ಹೂ ಬಿಡುವ ತನಕ ಬಿಟ್ಟರೆ ಮೊದಲ ದಿನದ ಬೆವರೆಲ್ಲ ದಂಡ. ಪರಿಚಯವಿಲ್ಲದ ಸಸಿಯನ್ನು ಮಾತ್ರ ಕೀಳಬೇಡಿ, ಸಿಬ್ಬಂದಿಯನ್ನು ಕೇಳಿ.

ತುಂಬು ತೋಳಿನ ಅಂಗಿ, ಚರ್ಮದ ಕೈಗವಸು, ಗಟ್ಟಿ ಬೂಟು ಬೇಕೇ ಬೇಕು. ಕಾಂಗ್ರೆಸ್ ಗಿಡ ಇರುವ ಜಾಗವಾದರೆ ಚರ್ಮದ ಅಲರ್ಜಿ, ಉಬ್ಬಸ ಇರುವವರು ಬೇರೆ ಕೆಲಸ ಕೇಳಿ ಪಡೆಯಿರಿ. ಪಿಕಾಸಿ ಬೀಸುವವರ ನಡುವೆ ಮೂರು ಮೀಟರ್ ಅಂತರವಿರಲಿ.

ಬೂಟಿನ ವಿಷಯವನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ. ಗಿಡಗಳ ಬೇರು ಕೊಳೆಸುವ ಫೈಟಾಫ್ತೊರಾ ರೋಗಾಣು ಅಟ್ಟೆಗೆ ಮೆತ್ತಿದ ಮಣ್ಣಿನಲ್ಲಿ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮೊದಲು ಬ್ರಷ್ಷಿನಿಂದ ಮಣ್ಣು ಪೂರ್ತಿ ಉಜ್ಜಿ, ಆಮೇಲೆ 70% ಸ್ಪಿರಿಟ್ ಸಿಂಪಡಿಸಿ. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಒಳಗಿನ ರೋಗಾಣುವಿಗೆ ಏನೂ ಆಗದು. ಉಪಕರಣಗಳಿಗೂ ಇದೇ ಉಪಚಾರ, ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ.

ಹೊರಡುವ ಮುನ್ನ ದಿನಾಂಕ, ಎಷ್ಟು ಜನ, ಎಷ್ಟು ಗಂಟೆ, ತೆರವಾದ ಜಾಗದ ನಾಲ್ಕು ಮೂಲೆಗಳ ಜಿಪಿಎಸ್ ಗುರುತು, ಮುಂದಿನ ಭೇಟಿ ಯಾವಾಗ, ಇವಿಷ್ಟನ್ನು ಬರೆದು ಉದ್ಯಾನದ ಕಚೇರಿಗೆ ಕೊಡಿ. ಒಂದು ಪ್ರತಿ ಸಂಘದ ಕಡತದಲ್ಲಿರಲಿ, ಮುಂದಿನ ಸಮಿತಿಯವರು ಬೇರೆ ಜಾಗ ಹುಡುಕಿಕೊಂಡು ಹೋಗದಂತೆ.

– ಸಂಪಾದಕ ಮಂಡಳಿ