ಆಮೇಲೆ ಬೇಡವಿತ್ತು ಅಂದರೆ?

ಧಾರವಾಡ

ಪ್ರೀತಿಯ ತಂಗೀ,

ನಿನ್ನ ಪತ್ರ ಮೂರು ಸಲ ಓದಿದೆ. ಮನೆ ಸುದ್ದಿ ನಿನ್ನವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನೀನು ಮಾತಾಡಿಸಿ ಬರೆದುಕೊಂಡ ಆ ಮೂಲನಿವಾಸಿ ಹಿರಿಯಳು, ನೀನು ಆಂಟಿ ಅನ್ನುವವಳು, ತನ್ನ ಕಥೆ ಪೇಪರಿಗೆ ಕೊಡಬಹುದು ಅಂದಳಂತೆ. ಕಡೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಆಂಟಿ ಈಗ ಒಪ್ಪಿದ್ದಾರೆ ಕಾಕಾ, ಪೇಪರಿನಲ್ಲಿ ಬಂದ ಮೇಲೆ ಬೇಡವಿತ್ತು ಅಂದರೆ ಏನು ಮಾಡಲಿ?" ಅಂತ. ಅದು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ನೀನು ಮೆಲ್ಬರ್ನಿಗೆ ಹೋದ ಮೇಲೆ ಅಲ್ಲಿನ ಮೂಲನಿವಾಸಿಗಳ ಬಗ್ಗೆ ಅಷ್ಟಿಷ್ಟು ಓದಿದ್ದೇನೆ. ಸರ್ಕಾರವೇ ತಾಯಂದಿರ ಕೈಯಿಂದ ಮಕ್ಕಳನ್ನು ಕಿತ್ತುಕೊಂಡು ಹೋದದ್ದು, 2008ರಲ್ಲಿ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು, ಆಮೇಲೆ ಅವರಿಗಾದ ಅನ್ಯಾಯ ವಿಚಾರಿಸಲು ನಿಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2021ರಲ್ಲಿ ಶುರುವಾದ ಯೂರೂಕ್ ಆಯೋಗ ನಾಲ್ಕು ವರ್ಷ ಕೂತು ಜನರ ಮಾತು ಕೇಳಿದ್ದು. ಓದುವಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಹುಬ್ಬಳ್ಳಿಯ ಸೆಟ್ಲಮೆಂಟು. ಯಾಕೆ ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಬ್ರಿಟಿಷರ 1871ರ ಕಾನೂನು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದುಬಿಟ್ಟಿತ್ತು. ಅವರನ್ನು ತಂದು ತಂತಿಬೇಲಿಯೊಳಗೆ ಇಟ್ಟರು, ಅದೇ ಸೆಟ್ಲಮೆಂಟು. ದಿನಾ ಹಾಜರಿ. ಹೊರಗೆ ಹೋಗಲು ಪಾಸು. 1952ರಲ್ಲಿ ಕಾನೂನು ರದ್ದಾಯಿತು, ಊರಿನವರ ಬಾಯಿಂದ ಮಾತ್ರ ಆ ಹೆಸರು ಹೋಗಲಿಲ್ಲ.

1985ರಲ್ಲಿ ನಾನು ಒಂದು ಪೇಪರಿಗೆ ವರದಿ ಬರೆಯುತ್ತಿದ್ದೆ. ಆ ಸೆಟ್ಲಮೆಂಟಿನಲ್ಲಿ ಒಬ್ಬ ಅಜ್ಜಿ ರೊಟ್ಟಿ ಬಡಿಯುತ್ತಾ ಮಾತಾಡಿದಳು. ಅವಳಪ್ಪ ತಮ್ಮನ ಮದುವೆಗೆ ಹೋಗಿ ಒಂದು ದಿನ ತಡವಾಗಿ ಬಂದಿದ್ದ. ಎಲ್ಲರ ಎದುರಿಗೇ ಹೊಡೆದರಂತೆ. ಅಷ್ಟು ಹೇಳಿ ಅವಳ ಕೈ ನಿಂತಿತು. ಹಿಟ್ಟಿನ ಮೇಲೆ ಐದು ಬೆರಳು ಹಾಗೇ ಮೂಡಿದ್ದವು. ಬರೆದುಕೊಳ್ಳಲಾ ಅಂತ ಕೇಳಿದೆ. "ಬರಕೋ" ಅಂದಳು. ನನಗೆ ಅಷ್ಟು ಸಾಕಾಯಿತು. ಅವಳ ಹೆಸರು, ಅವಳಪ್ಪನ ಹೆಸರು, ಫೋಟೋ, ಎಲ್ಲ ಕಳಿಸಿದೆ. ಆಫೀಸಿನಲ್ಲಿ ಯಾರೋ ತಲೆಬರಹದಲ್ಲಿ 'ಕಳ್ಳರ ಕೇರಿ' ಅಂತ ಹಾಕಿದರು.

ಅವಳ ಮೊಮ್ಮಗ ಆಗ ತಾನೇ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಯಾವ ಕೇರಿಯವನು ಅಂತ ಅಲ್ಲಿ ಹೇಳಿರಲಿಲ್ಲ. ಪೇಪರ್ ನೋಡಿದ ಮಾಲೀಕ ಅವನನ್ನು ಬಿಡಿಸಿದ.

ನಾನು ಪೇಪರ್ ಹಿಡಿದುಕೊಂಡು ಹೋದೆ. ಅವಳು ಬೈಯಲಿಲ್ಲ. ನೀರು ಕೊಟ್ಟಳು. ಫೋಟೋದ ಮೇಲೆ ಹೆಬ್ಬೆರಳು ಆಡಿಸಿದಳು, ಮಸಿ ಬೆರಳಿಗೆ ಹತ್ತಿತು. "ನಾ ಹೇಳಿದ್ದು ನಿನಗ ತಮ್ಮಾ. ಊರಿಗಲ್ಲ" ಅಂದಳು.

ನೋಡು, ನೀನು ಕೇಳಿದ್ದೂ ಅದನ್ನೇ ಅಲ್ವಾ. ಆಮೇಲೆ ಬೇಡವಿತ್ತು ಅಂದರೆ? ಅಚ್ಚಾದದ್ದನ್ನು ವಾಪಸ್ ತರಲು ನನ್ನಿಂದ ಆಗಲಿಲ್ಲ. ನಿನ್ನ ಕಾಲದಲ್ಲಿ ಅದು ಇನ್ನೂ ಕಷ್ಟ, ಒಂದು ಫೋನಿಂದ ಸಾವಿರ ಫೋನಿಗೆ ಹೋಗಿರುತ್ತದೆ. ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ.

ನಾನು ಅವತ್ತು ಮಾಡದೇ ಹೋದದ್ದನ್ನು ಹೇಳಬಹುದು, ನಿನ್ನ ಆಫೀಸಿನಲ್ಲಿ ಇದೆಲ್ಲ ಮೊದಲೇ ಹೇಳಿಕೊಟ್ಟಿರಬಹುದು, ಬೇಜಾರಾಗಬೇಡ. ಮಾತು ಮುಗಿದ ದಿನವೇ ಒಪ್ಪಿಗೆ ಹಿಡಿಯಬೇಡ. ಮನಸ್ಸು ಬಿಚ್ಚಿ ಮಾತಾಡಿದವರು ಆ ಹೊತ್ತಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಮರುದಿನ ಹೋಗಿ ಬರೆದದ್ದನ್ನು ಓದಿ ಹೇಳು, ಮತ್ತೆ ಕೇಳು. ವರದಿಗಾರನಿಗೆ ಇವತ್ತೇ ಬೇಕಂತೆ ಅಂದರೆ, ಅವನು ಕಾಯಲಿ.

ಕೆನಡಾದ ಒಂದು ಸಂಗತಿ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಲ್ಲಿ ವಸತಿ ಶಾಲೆಗಳಲ್ಲಿ ನರಳಿದ ಮೂಲನಿವಾಸಿಗಳು ಪರಿಹಾರಕ್ಕಾಗಿ ಗುಟ್ಟಾಗಿ ಹೇಳಿಕೆ ಕೊಟ್ಟಿದ್ದರು. ಹೇಳಿದವರು ಇಟ್ಟುಕೊಳ್ಳಿ ಅನ್ನದಿದ್ದರೆ 15 ವರ್ಷದ ನಂತರ ಆ ಕಾಗದ ನಾಶ ಮಾಡಬೇಕು ಅಂತ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ದಾಖಲೆ ಹೋಗುತ್ತದೆ ಅಂತ ವಾದ ಮಾಡಿದವರೂ ಇದ್ದರು. ನಾನು ಪೇಪರಿನವನು, ಒಂದು ಕಾಲಕ್ಕೆ ಅವರ ಕಡೆಗೇ ಇರುತ್ತಿದ್ದೆ. ಈಗ ಇಲ್ಲ.

ಇನ್ನೊಂದು. ಆಂಟಿಯ ಜನರಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ, ಎಷ್ಟೋ ಕಡೆ ತೀರಿಹೋದವರ ಹೆಸರು ಹೇಳುವುದಿಲ್ಲ, ಚಿತ್ರ ತೋರಿಸುವುದಿಲ್ಲ, ಟಿವಿಯಲ್ಲಿ ಮೊದಲೇ ಎಚ್ಚರಿಕೆ ಹಾಕುತ್ತಾರೆ ಅಂತ ನೀನೇ ಹೇಳಿದ್ದೆ. ಆಂಟಿ ತನ್ನ ತಾಯಿಯ ಹೆಸರು ಹೇಳಿದ್ದರೂ, ಅದು ಹೊರಗೆ ಹೋಗಬಹುದಾ ಅಂತ ಬೇರೆಯಾಗಿ ಕೇಳು. ಆಕೆಯ ಅಕ್ಕತಂಗಿಯರನ್ನೂ ಕೇಳಬೇಕೇನೋ. ನಾನು ಆ ಅಜ್ಜಿಯ ಅಪ್ಪನ ಹೆಸರು ಬರೆಯುವಾಗ ಮೊಮ್ಮಗ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಅವನನ್ನು ಒಂದು ಮಾತು ಕೇಳಲಿಲ್ಲ.

ತಲೆಬರಹ ನಿನಗೆ ತೋರಿಸದೆ ಹಾಕುವುದಿಲ್ಲ ಅಂತ ಮೊದಲೇ ಬರೆಸಿಕೊಳ್ಳಲು ಆಗುತ್ತದಾ? ಅವರು ಒಪ್ಪಲಿಕ್ಕಿಲ್ಲ. ಆದರೂ ಕೇಳು. ಯಾವ ಪದ ಬಳಸಬಾರದು ಅಂತಾದರೂ ಬರೆದುಕೊಡು.

ಆಂಟಿಯ ಮನೆಗೆ ಎರಡನೇ ಸಲ ಹೋಗುವಾಗ ಕ್ಯಾಮೆರಾ ಒಯ್ಯಬೇಡ. ಬೇಡ ಅಂದರೆ ಬರೆದುಕೊಂಡದ್ದನ್ನು ಆಕೆಯ ಎದುರಿಗೇ ಅಳಿಸಿಬಿಡು. ಏನಂದಳು ಅಂತ ನನಗೆ ಬರಿ.

ನಿನ್ನ
ಕಾಕಾ